ಎದೆಮಟ್ಟ

ನೆಲದಿಂದ ಒಂದು ಮೀಟರು ಮೂವತ್ತೇಳು ಸೆಂಟಿಮೀಟರು,
ಇದು ಎದೆಮಟ್ಟ, ಎಂದರು ಉತ್ತಪ್ಪ ಸರ್ ಮೊದಲ ದಿನ.
ಯಾರ ಎದೆ ಎಂದು ಪುಸ್ತಕ ಹೇಳಲಿಲ್ಲ.
ನನಗದು ಗಲ್ಲಕ್ಕೆ ಬರುತ್ತದೆ.
ಎರಡು ವರ್ಷ ಮರಗಳಿಗೆ ಗಲ್ಲ ಆನಿಸಿಯೇ ಟೇಪು ಸುತ್ತಿದ್ದೇನೆ,
ಮೂಗಿನ ತುಂಬ ತೊಗಟೆಯ ಪುಡಿ, ಕೊರಳಿಗೆ ಕಟ್ಟಿರುವೆ.

ಟೇಪು ಅಪ್ಪನದು.
ಮಂಡ್ಯದ ಗುತ್ತಲು ರಸ್ತೆಯ ಸಾಮಿಲ್ಲಿನಲ್ಲಿ
ಮೂವತ್ತೊಂದು ವರ್ಷ ದಿಮ್ಮಿ ಅಳೆದದ್ದು.
ಮೊದಲ ಅಂಗುಲಗಳು ಸವೆದು ಕಾಣುವುದಿಲ್ಲ,
ನಾಲ್ಕರಿಂದ ಹಿಡಿದು ಕೊನೆಗೆ ನಾಲ್ಕು ಕಳೆಯಬೇಕು.
ಸುತ್ತಳತೆಯ ಕಾಲು, ಆ ಕಾಲಿನ ವರ್ಗ, ಅದಕ್ಕೆ ಉದ್ದ ಗುಣಿಸು:
ನನಗೆ ಲೆಕ್ಕ ಕಲಿಸಿದ್ದು ಹೀಗೆ,
ಮರದ ಹೊಟ್ಟಿನ ರಾಶಿಯ ಮೇಲೆ ಕೂರಿಸಿ.
"ನಾ ಅಳ್ದಿದ್ದೆಲ್ಲ ಮಲ್ಗಿರೋವ್ನೇ ಕಣವ್ವ," ಅಂದ
ನಾನು ಫೀಜು ಕಟ್ಟಿದ ದಿನ.
"ನಿಂತಿರೋವ್ನ ಅಳ್ಯಾಕೂ ಪರೀಕ್ಸೆ ಮಡಗವ್ರಾ?"

ಮಡಗಿದ್ದರು.
ಕವಲು ಎದೆಮಟ್ಟದ ಕೆಳಗೆ ಒಡೆದರೆ ಮರ ಎರಡು,
ಮೇಲೆ ಒಡೆದರೆ ಒಂದೇ.
ಇಳಿಜಾರಿನಲ್ಲಿ ಅಳೆಯುವವರು ಏರಿನ ಕಡೆ ನಿಲ್ಲಬೇಕು.
ಕಾಂಡ ಒಂದಂಗುಲ ದಪ್ಪವಿದ್ದರೆ ಸುತ್ತ ಒಂದಡಿ ನೆಲ ಬೇರಿನದು,
ಅಲ್ಲಿ ಜಲ್ಲಿ ಸುರಿಯಬಾರದು, ಜೆಸಿಬಿ ತಿರುಗಿಸಬಾರದು,
ಬಾಂಡ್ಲಿ ತೊಳೆದ ಸಿಮೆಂಟು ನೀರೂ ಚೆಲ್ಲಬಾರದು.
ಮೊದಲ ಸಲ ಫೇಲಾದೆ. ಕಗ್ಗಲಿಯನ್ನು ಬನ್ನಿ ಎಂದು ಬರೆದಿದ್ದೆ.
ಎಲೆ ನೋಡಲು ಒಂದೇ ಥರ, ಮುಳ್ಳಿನ ಗುಣ ಬೇರೆ.
ಮುಂದಿನ ಆರು ತಿಂಗಳು ಅಂಗೈಯೇ ಓದಿತು.

ಮೈಸೂರು ಮುಗಿದು, ಇಲವಾಲದ ಆಚೆ, ಹನ್ನೊಂದು ಎಕರೆ.
ನೂರೆಂಬತ್ತು ಸೈಟು ಬರಲಿವೆ, ಕಮಾನು ಆಗಲೇ ಬಂದಿದೆ.
ಕಮಾನಿನ ಒಳಗೆ ಕುರುಚಲು, ನವಿಲು,
ಕಲ್ಲು ಒಡೆಯುವವರು ಬಿಟ್ಟುಹೋದ ಹೊಂಡ.
ನನ್ನ ಮೊದಲ ನಕ್ಷೆ.
ನೂರ ಹನ್ನೆರಡು ಮರ, ನೂರ ಹನ್ನೆರಡು ತಗಡಿನ ಬಿಲ್ಲೆ.

ಒಂದು ದಿನ ಅಪ್ಪ ಬುತ್ತಿ ಹಿಡಿದು ಜೊತೆಗೆ ಬಂದ.
ನಲವತ್ತೇಳನೆಯದನ್ನು ಬೆರಳ ಗೆಣ್ಣಿನಿಂದ ಬಡಿದ, ಕಿವಿಯಿಟ್ಟ.
"ಒಳ್ಗೆ ಪೊಳ್ಳು. ನಮ್ ಸಾವ್ಕಾರ ಲಾರಿಯಿಂದ ಇಳ್ಸಾಕೂ ಬುಡ್ತಿರ್ನಿಲ್ಲ."
ನನ್ನ ಪಟ್ಟಿಯಲ್ಲಿ ಅದು ಆರೋಗ್ಯವಂತ. ಹೊಡೆದುಹಾಕಿದೆ.
ಹಾಗೆ ಹೊಡೆದುಹಾಕುತ್ತಿರುವಾಗಲೇ ಪೊಟರೆಯಿಂದ ಇಣುಕಿತು
ನಿದ್ದೆಗೆಟ್ಟ ಹಾಲಕ್ಕಿ, ಎರಡು ಹಳದಿ ಕಣ್ಣು.
ಪಕ್ಕದಲ್ಲಿ ಬರೆದೆ: ಉಳಿಸತಕ್ಕದ್ದು.
ಆಮೇಲೆ ಹೀಗೇ ಆಗುತ್ತ ಹೋಯಿತು.
ಸೊಟ್ಟಗಿನವು, ಗಂಟುಬಿದ್ದವು, ಸಿಡಿಲು ಸೀಳಿದ ಒಂದು ತಾರೆ,
ಸಾಮಿಲ್ಲಿನ ಗೇಟಿನಿಂದಲೇ ವಾಪಸು ಹೋಗುವಂಥವು
ನಕ್ಷೆಯಲ್ಲಿ ಹಸಿರು ವೃತ್ತಗಳಾದವು.
ಅಪ್ಪ ನಕ್ಕ. "ನಾವು ತಳ್ಳಿದ್ನ ನೀನು ಆರ್ಸ್ಕೊತಿದೀಯ."

ಇಪ್ಪೆಯೊಂದು ನಿಂತಿದ್ದದ್ದು ರಸ್ತೆ ಬರುವ ಜಾಗದಲ್ಲಿ.
ರಸ್ತೆಯನ್ನು ಸರಿಸಿ ಎಂದೆ.
"ಮೇಡಂ, ಸರಿಸಿದರೆ ಒಂದು ಸೈಟು ಹೋಯ್ತು," ಎಂದರು ಮಂಚಶೆಟ್ಟರು.
ಮರ ಇಪ್ಪತ್ತೆರಡು ಅಂಗುಲ. ಸುತ್ತ ಇಪ್ಪತ್ತೆರಡಡಿಗೆ ಸುಣ್ಣದ ಗೆರೆ ಎಳೆದೆ.
ಗೆರೆಯ ಒಳಗೆ ಅವರ ಕಾರು ನಿಂತಿತ್ತು.
ಮೂರು ಮೀಟಿಂಗು. ಇಪ್ಪೆ ಉಳಿಯಿತು.
ಅದಕ್ಕೆ ಬದಲಾಗಿ ಹಳ್ಳದ ಕಡೆಯ ನಾಲ್ಕು ಬೇವು ಬಿಟ್ಟುಕೊಟ್ಟೆ.
ಬಿಟ್ಟುಕೊಡುವುದು ಹೇಗೆಂದು
ಉತ್ತಪ್ಪ ಸರ್ ಯಾವತ್ತೂ ಪಾಠ ಮಾಡಿರಲಿಲ್ಲ.
ನಾಲ್ಕೂ ನೆಟ್ಟಗಿದ್ದವು.

ನಿನ್ನೆ ಸೀಲು ಬಂತು. ಗುಂಡಗೆ, ಕೊಯ್ದ ದಿಮ್ಮಿಯ ತುದಿಯ ಹಾಗೆ,
ನಡುವೆ ನನ್ನ ಹೆಸರು, ಮ. ಪುಟ್ಟಲಕ್ಷ್ಮಿ,
ಅಂಚಿಗೆ ಸುತ್ತಿಕೊಂಡು ಅರಣ್ಯ ಸಂರಕ್ಷಣಾ ಯೋಜಕಿ.
ನಾನು ಅದನ್ನು ಒತ್ತುವ ತನಕ
ಆ ಹನ್ನೊಂದು ಎಕರೆಯಲ್ಲಿ ಯಾರೂ ಗರಗಸ ಇಡುವಂತಿರಲಿಲ್ಲ.
ಒತ್ತಿದೆ.

ಸಂಜೆ ಕಾಫಿಗೆ ಕೂತಾಗ ಅಪ್ಪ ಕೇಳಿದ, "ಎಷ್ಟ್ ಬೀಳ್ತವೆ?"
ಮೂವತ್ತೆಂಟು, ಎಂದೆ.
ಅವನ ಹೆಬ್ಬೆರಳು ತಾನಾಗಿ ಹೊರಟಿತು ಗೆಣ್ಣುಗಳ ಮೇಲೆ,
ಸುತ್ತಳತೆಯ ಕಾಲು, ಕಾಲಿನ ವರ್ಗ,
ಉಂಗುರಬೆರಳಿನ ಎರಡನೇ ಗೆಣ್ಣಿನಲ್ಲಿ ನಿಂತಿತು.
ಕಾಫಿ ಆರಿತು.
ಬೆರಳು ಬಿಡಿಸಲಿಲ್ಲ.