ಟವೆಲ್ಲಿನ ಕೆಳಗೆ

ಜೂನ್ ಕೊನೆಯ ಶನಿವಾರ, ಡ್ಯಾಂಡೆನಾಂಗಿನ ಹೆದ್ದಾರಿ ಬದಿ,
ಚಳಿಗಾಳಿಗೆ ಪಟಪಟ ಬಡಿದುಕೊಳ್ಳುವ ಬಾವುಟಗಳು.
ಲೆಕ್ಕದ ವರ್ಷ ಮುಗಿಯಲು ಇನ್ನೆರಡು ದಿನ.
ಅವರಿಗೆ ಮಾರುವ ಆತುರ; ನಮಗೆ
ಮೂರು ಮಕ್ಕಳ ಮೂರು ಸೀಟು
ಒಂದೇ ಸಾಲಿನಲ್ಲಿ ಹಿಡಿಸದ ಸಂಕಟ.

ಟ್ರೆಂಟ್ ಬಂದ. ಕೈ ಕುಲುಕಿದ, ಗಂಡನದು ಮಾತ್ರ.
ಏಳು ಸೀಟು, ನಾಲ್ಕು ಕ್ಯಾಮೆರಾ, ಹದಿನೇಳು ಲೋಟದ ಗುಳಿ,
ಅವನು ಪಾಠ ಒಪ್ಪಿಸುತ್ತಿದ್ದರೆ
ನಾನು ಗಾಡಿಯ ಸುತ್ತ ಒಂದು ಸುತ್ತು ಬಂದೆ
ಹಿಂದೆ ಕೈ ಕಟ್ಟಿಕೊಂಡು, ಏನೂ ಬೇಡದವಳ ಹಾಗೆ,
ಅಪ್ಪ ಎತ್ತಿನ ಸುತ್ತ ಬರುತ್ತಿದ್ದ ಹಾಗೆ.

ಅಪ್ಪ ರಾಣೆಬೆನ್ನೂರು ಕಡೆಯ ದನದ ಸಂತೆಗಳ ದಲ್ಲಾಳಿ.
ಹಲ್ಲು ಎಣಿಸಿ ವಯಸ್ಸು ಹೇಳುವನು, ಸುಳಿ ನೋಡಿ ಗುಣ.
ದರ ಮಾತ್ರ ಬಾಯಿಗೆ ಬರುತ್ತಿರಲಿಲ್ಲ.
ಟವೆಲ್ ಹೊದಿಸಿ, ಕೆಳಗೆ ಕೈಯೊಳಗೆ ಕೈ:
ಒಂದು ಬೆರಳು ಹಿಡಿದರೆ ಸಾವಿರ,
ಗೆಣ್ಣು ಒತ್ತಿದರೆ ಐನೂರು,
ಅಂಗೈ ಗೀರಿದರೆ, ಹೋಗೋ ಮಾರಾಯ, ದಾರಿ ನೋಡ್ಕೊ.
ಮೇಲೆ ಇಬ್ಬರೂ ಬೀಗರ ಸುದ್ದಿ, ಹಲ್ಲುನೋವಿನ ಸುದ್ದಿ.
ಎಂಟು ವರ್ಷದ ನಾನು
ಬಟ್ಟೆಯ ಮಡಿಕೆ ಏಳುವುದು ಬೀಳುವುದು ನೋಡಿಯೇ
ವ್ಯಾಪಾರ ಎಲ್ಲಿಗೆ ಬಂತೆಂದು ಹೇಳುತ್ತಿದ್ದೆ.

“ಅರವತ್ತೆರಡು ಸಾವಿರದ ಒಂಬೈನೂರ ತೊಂಬತ್ತು” ಅಂದ ಟ್ರೆಂಟ್,
ಆ ತೊಂಬತ್ತನ್ನು ತೀರ್ಥ ಕೊಟ್ಟಷ್ಟು ಮೆಲ್ಲಗೆ.
“ಐವತ್ತಾರು” ಅಂದೆ.
ಬಸವಂತ ಕೆಮ್ಮಿದ. ಶೂ ಲೇಸು ನೋಡಿಕೊಂಡ.
“ಮ್ಯಾನೇಜರನ್ನ ಕೇಳಿ ಬರ್ತೀನಿ.”

ಗಾಜಿನ ಕೋಣೆ. ಮ್ಯಾನೇಜರನ ಮುಂದೆ ಅರ್ಧ ತಿಂದ ಪೈ.
ಟ್ರೆಂಟ್ ಕಾಲೆತ್ತಿ ಯಾವುದೋ ಫುಟ್‌ಬಾಲ್ ಒದೆತ ತೋರಿಸಿದ,
ಇನ್ನೊಬ್ಬ ಹಣೆ ಚಚ್ಚಿಕೊಂಡ.
ನಮ್ಮ ಕಡೆ ಒಂದು ಸಲವೂ ತಿರುಗಲಿಲ್ಲ.
ಏಳು ನಿಮಿಷದ ಮೇಲೆ ಮುಖ ಬಾಡಿಸಿಕೊಂಡು ಬಂದ:
“ನಿಮಗೋಸ್ಕರ ಜಗಳಾನೇ ಆಡಿದೆ. ಅರವತ್ತೊಂದು.”

ಓಹೋ, ಟವೆಲ್ಲು ಇದೇ.
ಇಲ್ಲಿ ಗಾಜಿನಲ್ಲಿ ನೇಯುತ್ತಾರೆ, ಅಷ್ಟೆ.

ಹತ್ತಿ ಹೋಗಿ ಮೂರನೇ ಸಾಲಿನಲ್ಲಿ ಕೂತೆ.
ಮಂಡಿ ಗದ್ದಕ್ಕೆ ತಾಗಿತು.
“ಬನ್ನಿ, ಪಕ್ಕದಲ್ಲಿ ಕೂತು ಹೇಳಿ ಬೆಲೆ.”
ಆರಡಿ ಮೂರಂಗುಲದ ಮನುಷ್ಯ
ಪ್ರವಾಸಿ ಕುರ್ಚಿಯ ಹಾಗೆ ಮಡಚಿಕೊಂಡು ಕೂತ.
ಅವಳಿಗಳು ಮುಂದಿನ ಸೀಟಿನಿಂದ ಯಾವುದೋ ಗುಂಡಿ ಒತ್ತಿ
ಬಾಗಿಲೆಲ್ಲ ಲಾಕ್ ಮಾಡಿದರು.
ನಾನು ಅವನ ಮಕ್ಕಳನ್ನು ವಿಚಾರಿಸಿದೆ,
ಬೆನ್ನುನೋವಿಗೆ ಹರಳೆಣ್ಣೆ ಹೇಳಿದೆ,
ಟೋಯಿಂಗ್, ಟೈರು, ಸರ್ವಿಸ್, ಯಾವುದಕ್ಕೂ ಅವಸರವಿಲ್ಲ.
ಹಾಗೆ ಮಡಚಿದವನ ಬಾಯಲ್ಲಿ
ತೊಂಬತ್ತುಗಳು ಹೊರಡುವುದಿಲ್ಲ.
ಐವತ್ತೊಂಬತ್ತಾಯಿತು. ಐವತ್ತೆಂಟಾಯಿತು.
ಐವತ್ತೇಳು ಸಾವಿರದ ನಾನೂರು, ತೆರಿಗೆ, ನಂಬರ್ ಪ್ಲೇಟು,
ಕಾಲಡಿಯ ರಬ್ಬರು ಎಲ್ಲ ಸೇರಿ.
ಚಾರ್ವಿ ಹೊರಗಿನಿಂದ ಗಾಜಿಗೆ ಮೂಗು ಒತ್ತಿ
“ಅಮ್ಮಾ, ಇನ್ನೂ ಆಗ್ಲಿಲ್ವಾ?”

ಆಯಿತು.

“ಹಳೇದು ಬಿಟ್ಟು ಹೋಗ್ತೀರಲ್ಲ?” ಕಾಗದ ತಿರುವುತ್ತಾ ಕೇಳಿದ.
“ಅದಕ್ಕೆ ಎಂಟುನೂರು.”

ಹೇಳುವುದು ಬೇಕಷ್ಟಿತ್ತು. ಬ್ಯಾಟರಿ ಹೊಸದು.
ಹೋದ ವರ್ಷ ಹಾಕಿಸಿದ ಕ್ಲಚ್ಚು.
ಎರಡು ಸಾವಿರಕ್ಕೆ ಏರಿಸಬಹುದಿತ್ತು, ಕಣ್ಣು ಮುಚ್ಚಿ.
ಆದರೆ ಅಂಗಳದಾಚೆ ಅದು
ಹೊಳೆಯುವ ದೊಡ್ಡವುಗಳ ನಡುವೆ ಕಿವಿ ಇಳಿಬಿಟ್ಟು ನಿಂತಿತ್ತು.
ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು
ಮನೆ ಮುಂದೆ ಎಂಜಿನ್ ಆರಿಸಿ
ಹತ್ತು ನಿಮಿಷ ನಾನೊಬ್ಬಳೇ ಕೂರುತ್ತಿದ್ದ ಕೋಣೆ ಅದು.
ಏಳು ಸೀಟಿನಲ್ಲಿ ಅಂಥ ಜಾಗ ಎಲ್ಲಿದೆಯೋ,
ಟ್ರೆಂಟ್ ಹೇಳಲಿಲ್ಲ, ನಾನೂ ಕೇಳಲಿಲ್ಲ.

“ಸರಿ” ಅಂದೆ.
ಬಸವಂತ ಈಗ ನನ್ನನ್ನು ನೋಡಿದ.

ಎತ್ತ ಮಾರಿದ್ರೂ ಹಗ್ಗ ಮಾರಬಾರ್ದವ್ವಾ, ಅನ್ನುತ್ತಿದ್ದ ಅಪ್ಪ.
ಕೀಲಿ ಬಿಡಿಸಿ ಕೊಟ್ಟು
ಬಣ್ಣ ಹೋದ ದಾರವನ್ನು ಜೇಬಿಗೆ ಹಾಕಿಕೊಂಡೆ.

ಈ ಸಲ ಟ್ರೆಂಟ್ ಕೈ ಚಾಚಿದ್ದು ನನಗೆ.
ಹಿಡಿದೆ.
ಅವನ ನಡುಬೆರಳಿನ ಗೆಣ್ಣನ್ನು ನನ್ನ ಹೆಬ್ಬೆರಳು ತಾನಾಗಿ ಒತ್ತಿತು:
ಇನ್ನೊಂದು ಐನೂರು.
ಅವನು ನಕ್ಕು ಕೈ ಬಿಡಿಸಿಕೊಂಡ.
ಆ ಭಾಷೆ ಅವನಿಗೆ ಬರುವುದಿಲ್ಲ.