ನಾಲ್ಕನೇ ಸಾಲು

ತೂಕಕ್ಕ ಹಾಕೂ ಮುಂಚೆ ಒಂದು ಮಾತು, ಲಾಡ್ಲೆಸಾಬ.
ಅಲಮಾರಿ ಒಯ್ಯಿ, ಖುರ್ಚಿ ಒಯ್ಯಿ,
ವಾಡಿ ರೈಲ್ವೆ ಸಾಲಿ ಮುಚ್ಚ್ಯಾದ, ಗಂಟಿನೂ ಒಯ್ಯಿ.
ಈ ಕದ ಒಂದು ನನಗ ಬಿಡು.

ಒಳಮಗ್ಗಲು ನೋಡು. ಮ್ಯಾಲಿಂದ ಓದು.
ಎಪ್ಪತ್ನಾಕು, ಫ್ರಾನ್ಸಿನ್ಯಾಗ ಹೆಣ್ಮಕ್ಕಳ ಮೊದಲ್ನೇ ವಿಶ್ವಕಪ್ಪು.
ಸಿಮೆಂಟಿನ ರೇಟಿನ ಕೆಳಗ ಇಷ್ಟೇ ಸುದ್ದಿ:
ಹಾಲೆಂಡ್,
ಅರ್ಜೆಂಟೀನಾ,
ಪಶ್ಚಿಮ ಜರ್ಮನಿ,
ಆಮ್ಯಾಲ ನಾವು.
ಸೊಲ್ಲಾಪುರದ ಗಾಡಿಗಿ ಒಂದಿನ ತಡಾ ಆಗಿ ಬಂದ ಪೇಪರು.
ಥೆಲ್ಮಾ ಟೀಚರ್ ಕತ್ತರಿಸಿ, ಜ್ವಾಳದ ಗಂಜಿ ಹಚ್ಚಿ ಅಂಟಿಸಿದ್ರಂತ.
ಗಂಜಿ ತಿನ್ಲಾಕ ಬಂದ ಜಿರಳಿ
ಅರ್ಧ ಅರ್ಜೆಂಟೀನಾ ತಿಂದು ಹೋಗ್ಯಾದ.

ಅವರಪ್ಪ ಗೂಡ್ಸ್ ಗಾಡಿ ಗಾರ್ಡು. ಅವರ ಮನ್ಯಾಗ
ಕೊಡೀ ಜೋಡಿ ಮೂಲ್ಯಾಗ ನಿಂದರ್ತಿತ್ತು ಹಾಕಿ ಸ್ಟಿಕ್ಕು.
ನಮಗಿದ್ದದ್ದು ಎರಿ ಭೂಮಿ:
ಮಳಿಗಾಲದಾಗ ಚಂಡು ಹಿಡಕೋತದ,
ಬ್ಯಾಸಿಗ್ಯಾಗ ಬಿರುಕಿನ್ಯಾಗ ನುಂಗ್ತದ.
ಅದಕ್ಕ ಗೂಡ್ಸ್ ಶೆಡ್ಡಿನ ಶಹಾಬಾದಿ ಕಲ್ಲಿನ ಮ್ಯಾಲ
ಹನ್ನೊಂದು ಹುಡುಗ್ಯಾರು, ಏಳು ಸ್ಟಿಕ್ಕು,
ಉಳದವರಿಗಿ ಜಾಲಿ ಟೊಂಗಿ.
ನುಣ್ಣನ ಕಲ್ಲು. ತಪ್ಪಿ ಹೊಡದ್ರ ಚಂಡು
ಹಳಿ ದಾಟಿ ಯಾದಗಿರಿ ದಿಕ್ಕಿಗಿ.
"ಟರ್ಫ್ ಅಂದ್ರ ಹಿಂಗೇ ಓಡ್ತದಂತ" ಅಂದ್ರು ಟೀಚರ್.
ಟರ್ಫ್ ಅವರೂ ನೋಡಿದ್ದಿಲ್ಲ.

ಎಪ್ಪತ್ತೆಂಟು, ಮ್ಯಾಡ್ರಿಡ್. ಮತ್ತ ಹಾಲೆಂಡ್.
ಪಾಯಿಂಟ್ಸ್‌ಮನ್ ಸಾಯಬಣ್ಣನ ಮಗಳು ಭೀಮಬಾಯಿ ಕೇಳಿದಳು:
"ಈ ಹಾಲೆಂಡ್ ಅಂದ್ರ ಯಾರ ಪೈಕಿ ಹುಡುಗಿ ಟೀಚರ್?
ಯಾವಾಗ ನೋಡಿದ್ರೂ ಆಕೀನೇ ಗೆಲ್ತಾಳ?"
ನಾವು ಬಿದ್ದು ಬಿದ್ದು ನಕ್ಕೆವು. ಟೀಚರ್ ನಗಲಿಲ್ಲ.
"ಆಕಿ ಮನಿ ಮುಂದ ಹುಲ್ಲು ಅದವ್ವಾ" ಅಂದ್ರು.

ಎಂಬತ್ತೊಂದು ನೋಡು. ನಮ್ಮವರು ಹೋಗಿದ್ದಿಲ್ಲ ಆ ಸಲ.
ಬರೇ ಇಸವಿ ಬರದು ಒಂದು ಗೇಣು ಖಾಲಿ ಬಿಟ್ಟಾರ.
ಖಾಲಿ ಅಲ್ಲ, ಕನ್ನಡಕ ಹಾಕ್ಕೋ, ಕೆಂಪು ಪೆನ್ಸಿಲ್ ಅದ:
ಗುಲಬರ್ಗಾ ಒಂಬತ್ತು. ವಾಡಿ ಒಂದು.
ಆ ಒಂಬತ್ತೂ ನನ್ನ ಕಾಲಾಗಿಂದ ಹ್ವಾದವು,
ಮೊಣಕಾಲಿಗಿ ಸಿಮೆಂಟ್ ಚೀಲ ಮಡಚಿ ಕಟ್ಕೊಂಡು
ಗೋಲಿನ್ಯಾಗ ನಿಂತಾಕಿ ನಾನೇ.
ಒಂದು ಭೀಮಬಾಯಿದು, ಜಾಲಿ ಟೊಂಗೀಲೆ ಕಲ್ತದ್ದು.
ವಾಪಸ್ ಬರೂ ಗಾಡ್ಯಾಗ ಯಾರೂ ಮಾತಾಡಲಿಲ್ಲ.
ಮರುದಿನ ಟೀಚರ್ ಇದನ್ನ
ಮ್ಯಾಡ್ರಿಡ್ಡಿನ ಕೆಳಗ ಬರದ್ರು.

ಎಂಬತ್ಮೂರು, ಹಾಲೆಂಡ್. ಎಂಬತ್ತಾರು, ಹಾಲೆಂಡ್.
ಅಷ್ಟೊತ್ತಿಗಿ ನನಗ ಎರಡು ಕೂಸು.
ತೊಂಬತ್ತು, ಹಾಲೆಂಡ್. ಆಮ್ಯಾಲಿನದ್ದು ಕಿಲುಬು.

ಕದದ ರೊಕ್ಕಾ ಹಿಡಿ, ಎಷ್ಟ ಕಿಲೋ ಆಗ್ತದೋ ಆಗ್ಲಿ.
ತಿರುಪು ಬಿಚ್ಚುವಾಗ ಸಾವಕಾಶ, ಲಾಡ್ಲೆಸಾಬ.
ಗಂಜಿ ಒಣಗ್ಯಾದ.