ಮಾಖಿ

ಪೊಲೀಸ್ ಠಾಣೆಯಿಂದ ತಿರುಗಿ ಬಂದ ಕೋವಿಗೆ
ಮೂಗಿನ ತುದಿಯ ನತ್ತೇ ಇರಲಿಲ್ಲ.

ಚುನಾವಣೆಯೆಂದು ಒಪ್ಪಿಸಿದ್ದು. ಎರಡೂವರೆ ತಿಂಗಳು
ಕಳ್ಳಭಟ್ಟಿ ಕ್ಯಾನು, ಜಪ್ತಿ ಸೈಕಲ್ಲುಗಳ ನಡುವೆ
ಗೋಡೆಗೊರಗಿ ನಿಂತಿದ್ದು.
ಹಮ್ಮಣ್ಣ ನಾಯಕರು ಗೋಣಿಯಲ್ಲಿ ಸುತ್ತಿಕೊಂಡು
ಬಸ್ಸಿಳಿದು ನೇರ ನನ್ನ ಅಂಗಡಿಗೇ ಬಂದರು.
"ಶೇಟ್ರೇ, ಮಾಖಿ ಬಿದ್ದು ಹೋಗಿದೆ. ಬಂಗಾರದ್ದು."

ಅಂಕೋಲೆಯಲ್ಲಿ ಮೂವತ್ತೆಂಟು ವರ್ಷ ಕೆಂಡ ಊದಿದವ ನಾನು:
ಮೂಗುತಿ, ಕಾಲುಂಗುರ, ದೇವರ ಕಣ್ಣು,
ಒಮ್ಮೆ ಒಬ್ಬರ ಹಲ್ಲು.
ಕೋವಿ ರಿಪೇರಿಗೆ ಲೈಸೆನ್ಸು ಬೇಕು, ನನಗಿಲ್ಲ ಎಂದೆ.
"ಇದು ರಿಪೇರಿ ಎಂತಕ್ಕೆ? ಒಡವೆ."

ಅವರಪ್ಪನ ಕಾಲದ ವಿಲಾಯತಿ ರೈಫಲ್ಲು.
ಅಕ್ರೋಟು ಮರದ ಹಿಡಿ, ಕೆನ್ನೆ ತಾಗುವ ಕಡೆ ಮಾತ್ರ
ತಾಮ್ರದ ತಂಬಿಗೆಯ ಹೊಳಪು.
ನಳಿಗೆಯ ಕೊನೆಗೆ ಉಗುರಿನಷ್ಟು ಉಕ್ಕಿನ ಅಲಗು,
ಅದರ ನೆತ್ತಿಯಲ್ಲಿ ಸಾಸಿವೆ ಕೂರುವಷ್ಟು ಕುಳಿ.

"ಕಪ್ಪು ಮಾಖಿ ಮುಸ್ಸಂಜೆಗೆ ಕರಗ್ತದೆ,
ಬಂಗಾರ ಕಡೇತನಕ ಕಾಣ್ತದೆ."
ಎಪ್ಪತ್ತೆರಡರ ಕಾಯ್ದೆಯ ಮೇಲೆ ಅವರದನ್ನು
ಯಾವ ಪ್ರಾಣಿಗೂ ಎತ್ತಿದ್ದಿಲ್ಲವಂತೆ.
ಮೊದಲು ಎಷ್ಟು ಎಂದು ನಾನು ಕೇಳಲಿಲ್ಲ.
ಅವರು ಹೇಳಿದ್ದು ತಪ್ಪಿದ ಒಂದನ್ನೇ:
ಹಿಲ್ಲೂರಿನಾಚೆ, ಹಳ್ಳಕ್ಕೆ ಬಾಯಿಟ್ಟ ಕಡವೆ,
ಅದರ ಹೆಗಲ ಮೇಲೆ ಈ ಬಂಗಾರದ ಕಾಳು.
"ಉಸಿರು ಹಿಡಿದಿದ್ದೆ ಶೇಟ್ರೇ. ಅದು ತಲೆ ಎತ್ತಿತು.
ನಾನು ಉಸಿರು ಬಿಟ್ಟೆ."

ಆಗಲೇ ಮೆಟ್ಟಿಲು ಹತ್ತಿದ್ದು ಪ್ರಣಾಲಿ ತಾಂಡೇಲ,
ಕಾರವಾರದವಳು, ಅಜ್ಜಿಮನೆಗೆ ಬಂದವಳು.
ಕೈಯಲ್ಲಿ ಝುಮಕಿ ಜೋಡಿ.
ಇವನ್ನು ಮುರಿಯಿರಿ, ಚಪ್ಪಟೆ ಓಲೆ ಮಾಡಿ;
ಕೆನ್ನೆ ಇಟ್ಟರೆ ರೈಫಲ್ಲಿಗೆ ತಾಗ್ತದೆ.

ಹಮ್ಮಣ್ಣ ನಾಯಕರು ತಿರುಗಿ ನೋಡಿದರು.

"ಯಾವ ರೈಫಲ್ಲು ತಂಗೀ?"
ಗಾಳಿಯದು. ಹತ್ತು ಮೀಟರು. ಕಾಗದಕ್ಕೆ.
"ಮಾಖಿ ಎಂತದರದ್ದು?"
ಮಾಖಿ ಇಲ್ಲ ಅಜ್ಜ, ಬಳೆ ಇದೆ. ನಡುವೆ ಖಾಲಿ.
ಕಪ್ಪು ಗುರಿ ಆ ಖಾಲಿಯಲ್ಲಿ ಬಂದು ಕೂರಬೇಕು,
ಸುತ್ತ ಬಿಳಿ ಸಮ ಕಾಣಬೇಕು.
"ಎಂತದೂ ಇಡದೇ ಗುರಿಯೇ!" ಎಂದು ಅವರು ನಕ್ಕರು,
ನಕ್ಕು ಸುಮ್ಮನಾದರು.

ಹತ್ತರ ಚುಕ್ಕೆ ಎಷ್ಟು ದೊಡ್ಡದು, ನಾನು ಕೇಳಿದೆ.
ಅರ್ಧ ಮಿಲಿಮೀಟರು.
ನನ್ನ ಸಣ್ಣ ತಂತಿ ಅಷ್ಟೇ ದಪ್ಪ. ಎಳೆದು ತೋರಿಸಿದೆ.
ಅವಳು ಅದರ ತುದಿಯನ್ನು ಬಹಳ ಹೊತ್ತು ನೋಡಿದಳು,
ಊರಿನವರು ಯಾರೋ ಪೇಟೆಯಲ್ಲಿ ಸಿಕ್ಕಂತೆ.

ಬಂಗಾರದ ಚೂರು ಇದ್ದಲಿನ ಮೇಲೆ
ಕರಗಿದ್ದೇ ತನ್ನಷ್ಟಕ್ಕೆ ಉರುಟಾಗುತ್ತದೆ, ಯಾರೂ ಉರುಟು ಮಾಡಬೇಕಿಲ್ಲ.
ಅರ್ಧ ಗುಲಗಂಜಿಯೂ ತೂಗದ ಗುಂಡು.
ಕುಳಿಗೆ ಬಿಳಿಗಾರ ಸವರಿ ಚಿಮಟದಲ್ಲಿ ಕೂರಿಸಿ
ಊದುಗೊಳವೆ ಬಾಯಿಗಿಟ್ಟೆ.
ಅವಳು ಹೇಳುತ್ತಿದ್ದಳು: ಅರ್ಧ ಉಸಿರು ಬಿಟ್ಟು ನಿಲ್ಲಿಸಬೇಕು,
ಎದೆ ಒಮ್ಮೆ ಬಡಿದು, ಮತ್ತೆ ಬಡಿಯುವುದರೊಳಗೆ
ಬೆರಳು ತಾನೇ ಮಡಚಬೇಕು, ನಾವು ಮಡಚಬಾರದು.
ಹೌದು ಎನ್ನಬೇಕೆಂದಿದ್ದೆ.
ಕೆನ್ನೆ ತುಂಬ ಗಾಳಿ. ಉರಿ ಅಲುಗಿದರೆ ಕೆಟ್ಟಿತು.
ಮೂವರೂ ಉಸಿರು ಹಿಡಿದು ಒಂದು ಸಾಸಿವೆಯನ್ನು ನೋಡಿದೆವು.
ಹೊರಗೆ ಮೀನಿನ ಟೆಂಪೋ ಹಾರನ್ನು ಹೊಡೆದು ಹೊಡೆದು ಸೋತಿತು.

ಅಲಗನ್ನು ಮರಳಿ ಗಾಡಿಗೆ ಸರಿಸಿ
ನಾಯಕರು ಕೋವಿಯನ್ನು ಬಾಗಿಲಿಗೆ ಎತ್ತಲಿಲ್ಲ, ನೆಲಕ್ಕೇ ಹಿಡಿದು
ಅವಳಿಗೆ ಕೊಟ್ಟರು. ಅವಳು ಮೊದಲು ಬೋಲ್ಟು ತೆರೆದು
ಖಾಲಿಯೇ ಎಂದು ಬೆರಳಿಟ್ಟು ನೋಡಿದಳು.
ಅವರಿಗೆ ಅದೇ ಸಾಕಾಯಿತೆಂದು ಕಾಣುತ್ತದೆ.
ಮಜೂರಿಯ ಮೇಲೆ ಐವತ್ತು ಹೆಚ್ಚೇ ಇಟ್ಟರು.

ಹೋಗುವಾಗ ಜೇಬಿನಿಂದ ಠಾಣೆಯ ರಸೀದಿ ತೆಗೆದರು.
"ಕೋವಿ ಒಂದು, ಹಳೇದು." ಅಷ್ಟೇ ಬರಹ.
"ಮುಂದಿನ ಚುನಾವಣೆಗೆ ಮತ್ತೆ ಕೊಡಬೇಕಲ್ಲ ಶೇಟ್ರೇ,
ನಿಮ್ಮ ಬಿಲ್ಲಿನಲ್ಲಿ ಸರಿಯಾಗಿ ಬರೀರಿ."

ಬರೆದೆ:
ಮಾಖಿ ಒಂದು, ಇಪ್ಪತ್ತೆರಡು ಕ್ಯಾರೆಟ್ಟು.
ತೂಕದ ಜಾಗದಲ್ಲಿ ಪೆನ್ನು ನಿಂತಿತು.
ನನ್ನ ತಕ್ಕಡಿಗೆ ಅದು ಏನೂ ಅಲ್ಲ.